ಅಗ್ಗಕ್ಕೆ ಬಂದ ಹೈ ರೆಸಲ್ಯೂಷನ್ ಡಿಎಸ್‌ಎಲ್‌ಆರ್: ಡಿ850, ಡಿ810, 5ಡಿಎಸ್ ಆರ್, ಕೆ-1, ಯಾರಿಗೆ ಯಾವುದು?

2017ರಲ್ಲಿ ನಿಕಾನ್ ಡಿ850 ಭಾರತಕ್ಕೆ ಬಂದಾಗ ಬರೀ ಬಾಡಿಯ ಬೆಲೆ ₹2,54,950 ಇತ್ತು. ಇವತ್ತು ಅದೇ ಕ್ಯಾಮೆರಾ ಸೆಕೆಂಡ್ ಹ್ಯಾಂಡ್‌ನಲ್ಲಿ ಅದರ ಅರ್ಧ ಬೆಲೆಗೂ ಕೆಳಗೆ ಓಡಾಡುತ್ತಿದೆ. ಡಿ810, ಕ್ಯಾನನ್ 5ಡಿಎಸ್ ಆರ್ ಇನ್ನೂ ಕೆಳಗೆ ಇಳಿದಿವೆ. ಈ ಬೆಲೆ ಕುಸಿತಕ್ಕೂ ಕ್ಯಾಮೆರಾದ ಗುಣಕ್ಕೂ ಸಂಬಂಧವಿಲ್ಲ. ಕಂಪನಿಗಳು ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಬಿಟ್ಟು ಕನ್ನಡಿಯಿಲ್ಲದ ಮಿರರ್‌ಲೆಸ್ ದಾರಿ ಹಿಡಿದಿವೆ, ಅಷ್ಟೇ. ಸೋನಿ 2021ರಲ್ಲಿ ತನ್ನ ಹಳೇ ಕನ್ನಡಿ ಕ್ಯಾಮೆರಾಗಳ ಸಾಲು ಎ-ಮೌಂಟ್ ಮುಚ್ಚಿತು. 1ಡಿಎಕ್ಸ್ ಮಾರ್ಕ್ 3 ತನ್ನ ಕೊನೆಯ ಫ್ಲ್ಯಾಗ್‌ಶಿಪ್ ಡಿಎಸ್‌ಎಲ್‌ಆರ್ ಎಂದು ಅದೇ ವರ್ಷದ ಕೊನೆಯಲ್ಲಿ ಕ್ಯಾನನ್ ಹೇಳಿತು. 2020ರ ಡಿ780 ಮತ್ತು ಡಿ6 ಆದಮೇಲೆ ನಿಕಾನ್‌ನಿಂದ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ. ಪೆಂಟಾಕ್ಸ್ ಒಂದೇ ಹಳೇ ದಾರಿಯಲ್ಲಿ ನಿಂತಿದೆ.

ಹಾಗಾಗಿ 36ರಿಂದ 50 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (36×24 ಎಂಎಂ ಸೆನ್ಸರ್‌ನ) ಕ್ಯಾಮೆರಾ ಈಗ ಸಾಮಾನ್ಯ ಹವ್ಯಾಸಿಯ ಕೈಗೆಟುಕುವ ಬೆಲೆಯಲ್ಲಿದೆ. ಆದರೆ ಬಾಡಿ ಅಗ್ಗವಾಯಿತೆಂದು ಎಲ್ಲವೂ ಅಗ್ಗವಾಗಿಲ್ಲ. ಆನೆ ಕೊಂಡ ಮೇಲೆ ಅಂಕುಶಕ್ಕೆ ಚೌಕಾಸಿ ಮಾಡುವವರೇ ಇಲ್ಲಿ ಹೆಚ್ಚು ಸೋಲುವುದು. ಆದ್ದರಿಂದ ಮಾಡೆಲ್‌ಗಳಿಗಿಂತ ಮೊದಲು ಅಳತೆಗೋಲುಗಳನ್ನು ನೋಡೋಣ.

ಇಷ್ಟೊಂದು ಪಿಕ್ಸೆಲ್ ನಿಮಗೆ ಬೇಕೇ?

45 ಮೆಗಾಪಿಕ್ಸೆಲ್ ಎಂದರೆ 24ರ ಸುಮಾರು ಎರಡು ಪಟ್ಟು ಎಂದು ಕೇಳಲು ಚೆನ್ನಾಗಿರುತ್ತದೆ. ಅಡ್ಡ ಅಳತೆಯಲ್ಲಿ ಲೆಕ್ಕ ಹಾಕಿದರೆ ಸಿಗುವುದು 6000 ಪಿಕ್ಸೆಲ್ ಬದಲು 8256, ಅಂದರೆ ಶೇ. 38 ಹೆಚ್ಚು. ಪ್ರಿಂಟ್ ಪ್ರತಿ ಬದಿಯಲ್ಲೂ ಎರಡು ಪಟ್ಟಾಗಬೇಕಾದರೆ ಮೆಗಾಪಿಕ್ಸೆಲ್ ನಾಲ್ಕು ಪಟ್ಟು ಆಗಬೇಕು.

ಪ್ರಿಂಟ್ ಲೆಕ್ಕ ಹೀಗಿದೆ. ಇಂಚಿಗೆ 300 ಚುಕ್ಕಿಯಂತೆ 24 ಮೆಗಾಪಿಕ್ಸೆಲ್ ಫೈಲ್ 20×13 ಇಂಚಿಗೆ ಸಾಕು. ಡಿ810ರದ್ದು 24.5×16.4 ಇಂಚು, ಡಿ850ರದ್ದು 27.5×18.3, 5ಡಿಎಸ್ ಆರ್‌ನದ್ದು 29×19.3. ನಮ್ಮ ಮದುವೆ ಆಲ್ಬಂಗಳ 12×36 ಹಾಳೆ ತೆಗೆದುಕೊಳ್ಳಿ. ಒಂದೇ ಫೋಟೋವನ್ನು ಆ 36 ಇಂಚಿಗೂ ಹರಡಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಇಂಚಿಗೆ 166 ಚುಕ್ಕಿ, ಡಿ850ರಲ್ಲಿ 229. ತೊಡೆಯ ಮೇಲೆ ಇಟ್ಟು ನೋಡುವ ಆಲ್ಬಂಗೆ 166 ಕೂಡ ನಡೆಯುತ್ತದೆ. ಗೋಡೆಗೆ ಹಾಕುವ ನಾಲ್ಕಡಿ ಪ್ರಿಂಟನ್ನು ಜನ ದೂರದಿಂದ ನೋಡುತ್ತಾರೆ, ಅಲ್ಲೂ ನಡೆಯುತ್ತದೆ. ಫೋಟೋ ಹೋಗುವುದು ವಾಟ್ಸಾಪ್‌ಗೆ ಮತ್ತು ಇನ್‌ಸ್ಟಾಗ್ರಾಂಗೆ ಮಾತ್ರ ಎಂದಾದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ, ಇರುವ ಕ್ಯಾಮೆರಾಕ್ಕೆ ಒಳ್ಳೆಯ ಲೆನ್ಸ್ ಕೊಳ್ಳಿ. 4ಕೆ ಟಿವಿಯ ಇಡೀ ಪರದೆಯೇ ಬರೀ 8.3 ಮೆಗಾಪಿಕ್ಸೆಲ್.

ಹೆಚ್ಚು ಪಿಕ್ಸೆಲ್ ನಿಜವಾಗಿ ಬೇಕಾಗುವುದು ಮೂರು ಕಡೆ: ಹತ್ತಿರ ನಿಂತು ನೋಡುವ ದೊಡ್ಡ ಪ್ರಿಂಟ್; ಹಕ್ಕಿಯಂಥ ದೂರದ ವಿಷಯವನ್ನು ಕತ್ತರಿಸಿ ದೊಡ್ಡದು ಮಾಡುವುದು; ಸೀರೆ, ಒಡವೆ, ಚಿತ್ರಕಲೆ, ಹಳೆಯ ದಾಖಲೆಗಳ ಸ್ಟುಡಿಯೋ ಕೆಲಸ.

ಉಳಿದ ಅಳತೆಗೋಲುಗಳು

ಎರಡನೆಯದು, ನಿಮ್ಮ ಕೈಯಲ್ಲಿ ಈಗಾಗಲೇ ಯಾವ ಮೌಂಟ್‌ನ (ಲೆನ್ಸ್ ಬಾಡಿಗೆ ಕೂರುವ ಜೋಡಣೆಯ) ಲೆನ್ಸ್ ಇವೆ. ಇದು ಬಾಡಿಯ ಗುಣಕ್ಕಿಂತ ದೊಡ್ಡ ಪ್ರಶ್ನೆ. ಕ್ಯಾನನ್‌ನ ಎರಡು ಒಳ್ಳೆಯ ಇಎಫ್ ಲೆನ್ಸ್ ಇಟ್ಟುಕೊಂಡವರು ಡಿ850 ಹಿಂದೆ ಓಡುವುದು ಸಾಮಾನ್ಯವಾಗಿ ನಷ್ಟದ ವ್ಯಾಪಾರ. ಸಣ್ಣ ಸೆನ್ಸರ್‌ಗೆಂದು ಮಾಡಿದ ಕ್ಯಾನನ್‌ನ ಇಎಫ್-ಎಸ್ ಲೆನ್ಸ್ ಫುಲ್ ಫ್ರೇಮ್ ಬಾಡಿಗಳಿಗೆ ಕೂರುವುದೇ ಇಲ್ಲ. ನಿಕಾನ್‌ನ ಅದೇ ಬಗೆಯ ಡಿಎಕ್ಸ್ ಲೆನ್ಸ್ ಕೂರುತ್ತದೆ, ಆದರೆ ಚಿತ್ರ ಕತ್ತರಿಸಿ ಬರುತ್ತದೆ. ಹಳೇ ಡಿಎಕ್ಸ್ ಕ್ಯಾಮೆರಾದ ಜೊತೆ ಬಂದ ಕಿಟ್ ಲೆನ್ಸ್ ನಂಬಿ ಡಿ850 ಕೊಂಡರೆ ನಿಮ್ಮ ಕೈಗೆ ಸಿಗುವುದು 19.4 ಮೆಗಾಪಿಕ್ಸೆಲ್ ಮಾತ್ರ.

ಮೂರನೆಯದು, ನಿಮ್ಮ ಫೋಟೋದಲ್ಲಿ ಮನುಷ್ಯರು ಎಷ್ಟು, ವಿಡಿಯೋ ಎಷ್ಟು. ಕಣ್ಣನ್ನು ಹಿಡಿದು ಬೆನ್ನಟ್ಟುವ ಆಟೋಫೋಕಸ್ ಮಿರರ್‌ಲೆಸ್‌ನ ಸೊತ್ತು. ಈ ಡಿಎಸ್‌ಎಲ್‌ಆರ್‌ಗಳ ವ್ಯೂಫೈಂಡರ್‌ನಲ್ಲಿ ಫೋಕಸ್ ಪಾಯಿಂಟ್‌ಗಳು ನಡುವೆಯೇ ಗುಂಪಾಗಿವೆ. ಚೌಕಟ್ಟಿನ ಅಂಚಿನಲ್ಲಿರುವ ಮುಖಕ್ಕೆ, ಲೆನ್ಸ್ ಎಫ್/1.4ರಷ್ಟು ಅಗಲ ತೆರೆದಿರುವಾಗ, ಫೋಕಸ್ ಮಾಡಿ, ಕ್ಯಾಮೆರಾ ತಿರುಗಿಸಿ, ಕ್ಲಿಕ್ ಮಾಡುವಷ್ಟರಲ್ಲಿ ಕಣ್ಣಿನ ಬದಲು ಕಿವಿ ಚೂಪಾಗಿರುತ್ತದೆ. 24 ಮೆಗಾಪಿಕ್ಸೆಲ್‌ನಲ್ಲಿ ಇದು ಮುಚ್ಚಿಹೋಗುತ್ತಿತ್ತು, 45ರಲ್ಲಿ ಎದ್ದು ಕಾಣುತ್ತದೆ.

ನಾಲ್ಕನೆಯದು, ಟ್ರೈಪಾಡ್ ಮೇಲೋ ಕೈಯಲ್ಲೋ. ಈ ಪಟ್ಟಿಯಲ್ಲಿ ಪೆಂಟಾಕ್ಸ್ ಬಿಟ್ಟರೆ ಯಾವ ಡಿಎಸ್‌ಎಲ್‌ಆರ್ ಬಾಡಿಯೊಳಗೂ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಹಳೇ ಸೂತ್ರದಂತೆ 200 ಎಂಎಂ ಲೆನ್ಸ್‌ಗೆ 1/200 ಸೆಕೆಂಡ್ ಇಲ್ಲಿ ಸಾಲದು. ಅದರ ಎರಡು ಪಟ್ಟು, 1/400 ಅಥವಾ 1/500 ಇಟ್ಟುಕೊಳ್ಳಿ. ಬೆಳಕು ಕಡಿಮೆಯಾದರೆ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) ಏರುತ್ತದೆ, ಜೊತೆಗೆ ಕಾಳುಕಾಳಾದ ನಾಯ್ಸ್ ಕೂಡ, ಅಲ್ಲಿಗೆ ಹೆಚ್ಚುವರಿ ಪಿಕ್ಸೆಲ್‌ನ ಲಾಭದಲ್ಲಿ ಒಂದು ಪಾಲು ಹೋಯಿತು.

ಐದನೆಯದು, ಹೊರಬರುವ ದಾರಿ. ಮೂರು ವರ್ಷ ಬಿಟ್ಟು ಮಿರರ್‌ಲೆಸ್‌ಗೆ ಹೋಗುತ್ತೀರಿ ಎಂದಿಟ್ಟುಕೊಳ್ಳಿ, ಆಗ ಲೆನ್ಸ್‌ಗಳ ಗತಿ ಏನು? ಕ್ಯಾನನ್ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆರ್‌ಎಫ್ ಮಿರರ್‌ಲೆಸ್ ಬಾಡಿಗಳ ಮೇಲೆ ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಎಎಫ್-ಎಸ್, ಎಎಫ್-ಪಿಯಂಥ, ಒಳಗೇ ಮೋಟಾರ್ ಇರುವ ಲೆನ್ಸ್‌ಗಳಿಗೆ ಮಾತ್ರ ಆಟೋಫೋಕಸ್ ಉಂಟು. ಬಾಡಿಯ ಮೋಟಾರಿನಿಂದ ತಿರುಗುವ ಹಳೇ ಎಎಫ್-ಡಿ ಲೆನ್ಸ್‌ಗಳು, ಉದಾಹರಣೆಗೆ 80-200 ಎಫ್/2.8ಡಿ, ಅಲ್ಲಿ ಕೈಯಿಂದ ತಿರುಗಿಸುವ ಲೆನ್ಸ್ ಆಗಿಬಿಡುತ್ತವೆ. ಡಿ850 ಮೇಲೆ ಸೊಗಸಾಗಿ ಓಡುತ್ತವೆಂದು ಇವನ್ನು ಅಗ್ಗಕ್ಕೆ ರಾಶಿ ಹಾಕಿಕೊಳ್ಳಬೇಡಿ. ಮುಂದೆ ಕೊಳ್ಳುವವರು ಸಿಗುವುದಿಲ್ಲ.

ಕೊನೆಯದು ಹಣ. ಕೈಯಲ್ಲಿ ನೂರು ರೂಪಾಯಿ ಇದ್ದರೆ ಬಾಡಿಯ ಮೇಲೆ ನಲವತ್ತೈದಕ್ಕಿಂತ ಹೆಚ್ಚು ಹಾಕಬೇಡಿ. ಲೆನ್ಸ್‌ಗೆ ನಲವತ್ತು, ಕಾರ್ಡ್, ಬ್ಯಾಟರಿ, ಟ್ರೈಪಾಡ್, ಹಾರ್ಡ್ ಡಿಸ್ಕ್‌ಗೆ ಉಳಿದದ್ದು. ಡಿ850ರ 14 ಬಿಟ್ ರಾ ಫೈಲ್ (ಸೆನ್ಸರ್‌ನ ಕಚ್ಚಾ ಮಾಹಿತಿ) ಒಂದಕ್ಕೆ ಸುಮಾರು 50 ಎಂಬಿ. ಎರಡು ದಿನದ ಮದುವೆಯಲ್ಲಿ 3000 ಫೋಟೋ ಹೊಡೆದರೆ 150 ಜಿಬಿ, ಬ್ಯಾಕಪ್ ಸೇರಿ 300. ಎಂಟು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇದನ್ನು ಎಳೆಯಲಾರದು. 16 ಜಿಬಿ ಮತ್ತು ಎಸ್‌ಎಸ್‌ಡಿ ಕನಿಷ್ಠ.

ನಿಕಾನ್ ಡಿ850

45.7 ಮೆಗಾಪಿಕ್ಸೆಲ್, ಮೂಲ ಐಎಸ್‌ಒ 64, 153 ಫೋಕಸ್ ಪಾಯಿಂಟ್, ಸೆಕೆಂಡಿಗೆ 7 ಫೋಟೋ. ಬ್ಯಾಟರಿ ಮತ್ತು ಕಾರ್ಡ್ ಸೇರಿ ತೂಕ 1005 ಗ್ರಾಂ. ಒಂದು ಬ್ಯಾಟರಿಗೆ ಕಂಪನಿಯ ಲೆಕ್ಕ 1840 ಫೋಟೋ. ಕಬಿನಿ ಸಫಾರಿಗೆ ಬೆಳಿಗ್ಗೆ ಹೋಗಿ ಸಂಜೆ ಮತ್ತೆ ಹೋದರೂ ಚಾರ್ಜರ್ ನೆನಪಾಗುವುದಿಲ್ಲ.

ಈ ಕ್ಯಾಮೆರಾ ಉಳಿದವಕ್ಕಿಂತ ಮುಂದಿರುವುದು ಅದರ ಹೊಂದಿಕೊಳ್ಳುವ ಗುಣದಿಂದ. ಟ್ರೈಪಾಡ್ ಮೇಲೆ ಐಎಸ್‌ಒ 64ರಲ್ಲಿ ಲ್ಯಾಂಡ್‌ಸ್ಕೇಪ್ ಕ್ಯಾಮೆರಾ. 200-500 ಎಫ್/5.6 ಹಾಕಿ ಡಿಎಕ್ಸ್ ಕ್ರಾಪ್ ಮಾಡಿದರೆ 750 ಎಂಎಂನಷ್ಟು ಹತ್ತಿರದ ನೋಟ, 19.4 ಮೆಗಾಪಿಕ್ಸೆಲ್ ಕೈಯಲ್ಲಿ ಉಳಿಯುತ್ತದೆ. ಹಕ್ಕಿಯವರು ಪ್ರೀತಿಸುವ ಡಿ500ರದ್ದು 20.9. ಅಂದರೆ ಹೆಚ್ಚುಕಡಿಮೆ ಒಂದು ಡಿ500 ಇದರ ಹೊಟ್ಟೆಯಲ್ಲೇ ಇದೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಹಾರುವ ಕೊಕ್ಕರೆ ಹಿಡಿಯಬೇಕಾದರೆ ಈ ಪಟ್ಟಿಯ ಡಿಎಸ್‌ಎಲ್‌ಆರ್‌ಗಳಲ್ಲಿ ಇದೇ ಸರಿಯಾದ ಆಯ್ಕೆ. ದೋಣಿ ಅಲುಗಾಡುತ್ತದೆ, ಶಟರ್ 1/1600ಕ್ಕಿಂತ ಕೆಳಗೆ ಬಿಡಬೇಡಿ.

ಕೀಟ, ಕಪ್ಪೆ, ಹೂವಿನ ಮ್ಯಾಕ್ರೋ ಮಾಡುವವರಿಗೆ ಇನ್ನೊಂದು ಕಾರಣವಿದೆ: ಫೋಕಸ್ ಶಿಫ್ಟ್ ಶೂಟಿಂಗ್. ಹತ್ತಿರದ ಅಂಚಿಗೆ ಫೋಕಸ್ ಮಾಡಿ, ಎಷ್ಟು ಫೋಟೋ (300ರವರೆಗೆ), ಹೆಜ್ಜೆ ಎಷ್ಟು ಅಗಲ (1ರಿಂದ 10) ಎಂದು ಹೇಳಿದರೆ ಕ್ಯಾಮೆರಾವೇ ಫೋಕಸ್ ಸರಿಸುತ್ತಾ ಹೊಡೆಯುತ್ತದೆ. ಎಫ್/5.6, ಹೆಜ್ಜೆ 2 ಅಥವಾ 3, ಫೋಟೋ 40 ಎಂದು ಶುರು ಮಾಡಿ, ಫಲಿತಾಂಶ ನೋಡಿ ಬದಲಿಸಿ. ಅವನ್ನು ಎಲ್ಲ ಕಡೆ ಚೂಪಾದ ಒಂದೇ ಫೋಟೋ ಆಗಿ ಜೋಡಿಸುವ ಕೆಲಸ ಕಂಪ್ಯೂಟರ್‌ನದ್ದು. ಎಎಫ್-ಡಿ ಲೆನ್ಸ್‌ಗಳಲ್ಲಿ ಇದು ನಡೆಯುವುದಿಲ್ಲ.

ತೊಂದರೆಗಳು: ಒಂದು ಕಾರ್ಡ್ ಸ್ಲಾಟ್ ಎಕ್ಸ್‌ಕ್ಯೂಡಿ. ಆ ಕಾರ್ಡ್‌ಗಳು ಈಗ ಅಪರೂಪ, ದುಬಾರಿ. ಹೊಸ ಫರ್ಮ್‌ವೇರ್ ಹಾಕಿದರೆ ಸಿಎಫ್ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡ್ ಓದುತ್ತದೆ. ಮಾರುವವರು ಫರ್ಮ್‌ವೇರ್ ಹಾಕಿದ್ದಾರೆಯೇ ಎಂದು ಕೇಳಿ. ಎರಡನೆಯ ಸ್ಲಾಟ್ ಎಸ್‌ಡಿ, ಯುಎಚ್‌ಎಸ್-2 ವೇಗದ್ದು. ಆರಂಭಕ್ಕೆ ಒಂದು ಒಳ್ಳೆಯ ಎಸ್‌ಡಿ ಕಾರ್ಡ್ ಸಾಕು. ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ ತೆಗೆಯುವಾಗ) ಫೋಕಸ್ ನಿಧಾನ, ಹಾಗಾಗಿ ವಿಡಿಯೋಗೆಂದು ಇದನ್ನು ಕೊಳ್ಳಬೇಡಿ. ‘ಸೆಕೆಂಡಿಗೆ 9 ಫೋಟೋ’ ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ಅದು ಎಂಬಿ-ಡಿ18 ಗ್ರಿಪ್ ಜೊತೆಗೆ ಇಎನ್-ಇಎಲ್18 ಬ್ಯಾಟರಿ ಹಾಕಿದಾಗ ಮಾತ್ರ. ಬರೀ ಗ್ರಿಪ್ ಕೊಂಡವರಿಗೆ ಸಿಗುವುದು ತೂಕ.

ನಿಕಾನ್ ಡಿ810

2014ರ ಕ್ಯಾಮೆರಾ, 36.3 ಮೆಗಾಪಿಕ್ಸೆಲ್. ಬಜೆಟ್ ಕಡಿಮೆ, ಕೆಲಸವೆಲ್ಲ ಟ್ರೈಪಾಡ್ ಮೇಲೆ ಎನ್ನುವವರಿಗೆ ಇದಕ್ಕಿಂತ ಲಾಭದ ಮಾಲು ಈಗ ಮಾರುಕಟ್ಟೆಯಲ್ಲಿ ಇಲ್ಲ ಎಂದೇ ಹೇಳಬೇಕು. ಐಎಸ್‌ಒ 64 ಇಲ್ಲೂ ಇದೆ. ಹಂಪಿಯ ಮಾತಂಗ ಬೆಟ್ಟದ ಮೇಲೆ ಸೂರ್ಯ ಹುಟ್ಟುವ ಹೊತ್ತಿಗೆ ಆಕಾಶ ಸುಡದಂತೆ ಎಕ್ಸ್‌ಪೋಷರ್ ಇಟ್ಟರೆ ಕೆಳಗಿನ ಬಂಡೆಗಳು ಕಪ್ಪಾಗುತ್ತವೆ. ಡಿ810ರ ರಾ ಫೈಲ್‌ನಲ್ಲಿ ಆ ಕಪ್ಪನ್ನು ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಎತ್ತಿದರೂ ಬಂಡೆಯ ಮೈ ಬಂಡೆಯಂತೆಯೇ ಉಳಿಯುತ್ತದೆ.

ಶಟರ್‌ನ ಅದುರಾಟ ತಗ್ಗಿಸುವ ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ ಇದೆ, ಆದರೆ ಕನ್ನಡಿಯನ್ನು ಮೊದಲೇ ಎತ್ತುವ ಮಿರರ್ ಅಪ್ ಮೋಡ್‌ನಲ್ಲಿ ಮಾತ್ರ. ಮೆನುವಿನಲ್ಲಿ ಆನ್ ಮಾಡಿ, ರಿಲೀಸ್ ಡಯಲ್ ಅನ್ನು ಮಿರರ್ ಅಪ್‌ಗೆ ತಿರುಗಿಸಿ, ರಿಮೋಟ್ ಒಮ್ಮೆ ಒತ್ತಿ ಕನ್ನಡಿ ಏಳಲಿ, ಎರಡು ಸೆಕೆಂಡ್ ತಡೆದು ಮತ್ತೊಮ್ಮೆ ಒತ್ತಿ. 1/4ರಿಂದ 1/60 ಸೆಕೆಂಡಿನ ನಡುವೆ, ಟೆಲಿ ಲೆನ್ಸ್‌ನಲ್ಲಿ, ಇದು ಮಾಡುವ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ಹಿಂದಿನ ಡಿ800, ಡಿ800ಇಗಳಲ್ಲಿ ಈ ಸೌಲಭ್ಯ ಇಲ್ಲ. ಹೀಗಾಗಿ ನಾಲ್ಕಾರು ಸಾವಿರ ಉಳಿಸಲು ಡಿ800ಗೆ ಇಳಿಯುವುದು ಬೇಡ.

ಮೊದಮೊದಲು ತಯಾರಾದ ಡಿ810ಗಳಲ್ಲಿ ದೀರ್ಘ ಎಕ್ಸ್‌ಪೋಷರ್ ಮಾಡಿದಾಗ ಬಿಳಿ ಚುಕ್ಕಿಗಳು ಬರುತ್ತಿದ್ದವು. ನಿಕಾನ್ ಉಚಿತವಾಗಿ ಸರಿಮಾಡಿಕೊಟ್ಟಿತು. ಸರಿಯಾದ ಬಾಡಿಗಳಲ್ಲಿ ಟ್ರೈಪಾಡ್ ಸ್ಕ್ರೂ ರಂಧ್ರದ ಒಳಗೆ ಒಂದು ಕಪ್ಪು ಚುಕ್ಕಿ ಇರುತ್ತದೆ. ಟಾರ್ಚ್ ಬಿಟ್ಟು ನೋಡಿ. ಇನ್ನೊಂದು ಜಾಗ್ರತೆ: ಸ್ಲಾಟ್‌ಗಳು ಸಿಎಫ್ ಮತ್ತು ಎಸ್‌ಡಿ. ಸಿಎಫ್ ಸ್ಲಾಟ್‌ನ ಸೂಜಿಪಿನ್‌ಗಳು ಬಗ್ಗುವುದು ಹಳೇ ಕಾಯಿಲೆ.

ಹಕ್ಕಿಗೆ? ಸೆಕೆಂಡಿಗೆ 5 ಫೋಟೋ, ಡಿಎಕ್ಸ್ ಕ್ರಾಪ್‌ನಲ್ಲಿ 15.4 ಮೆಗಾಪಿಕ್ಸೆಲ್. ಕೂತ ಹಕ್ಕಿಗೆ ಧಾರಾಳ, ಹಾರುವ ಹಕ್ಕಿಗೆ ಅಷ್ಟಕ್ಕಷ್ಟೆ.

ಕ್ಯಾನನ್ 5ಡಿಎಸ್ ಮತ್ತು 5ಡಿಎಸ್ ಆರ್

2015ರಲ್ಲಿ ಬಂದ 50.6 ಮೆಗಾಪಿಕ್ಸೆಲ್‌ನ ಜೋಡಿ. ಸಂಖ್ಯೆಯಲ್ಲಿ ಇವೇ ಮೊದಲು, ಆದರೆ ಸಂಖ್ಯೆ ನೋಡಿ ಮರುಳಾಗುವವರಿಗೆ ಪೆಟ್ಟು ಬೀಳುವುದೂ ಇಲ್ಲೇ. ಐಎಸ್‌ಒ 6400ಕ್ಕೆ ನಿಲ್ಲುತ್ತದೆ, ವಿಸ್ತರಿಸಿದರೆ 12800. ಐಎಸ್‌ಒ 100ರಲ್ಲೂ ಕತ್ತಲ ಭಾಗಗಳನ್ನು ಎತ್ತಿದರೆ ನಾಯ್ಸ್ ಮೇಲೇಳುತ್ತದೆ. ಆ ಮಾತಂಗ ಬೆಟ್ಟದ ಫೋಟೋದಲ್ಲಿ ಡಿ810 ಕೊಡುವ ಸ್ವಾತಂತ್ರ್ಯಕ್ಕಿಂತ ಸುಮಾರು ಎರಡು ಸ್ಟಾಪ್ ಕಡಿಮೆ. ಎರಡು ಎಕ್ಸ್‌ಪೋಷರ್ ಹೊಡೆದು ಜೋಡಿಸಬೇಕಾದೀತು. ರಾತ್ರಿ ಆರತಕ್ಷತೆ, ಯಕ್ಷಗಾನದ ರಂಗಸ್ಥಳ, ದೇವಸ್ಥಾನದ ಒಳಗೆ ದೀಪದ ಬೆಳಕು, ಇಂಥ ಕಡೆಗೆಲ್ಲ ಇದನ್ನು ಒಯ್ಯಬೇಡಿ.

ಬೆಳಕು ನಿಮ್ಮ ಕೈಯಲ್ಲಿರುವ ಕಡೆ, ಅಂದರೆ ಸ್ಟುಡಿಯೋ ಫ್ಲಾಶ್, ಐಎಸ್‌ಒ 100, ಎಫ್/8, ಅಲ್ಲಿ ಇದರ ವಿವರ ಈಗಲೂ ಬೆರಗು ಹುಟ್ಟಿಸುತ್ತದೆ. ಒಡವೆ ಅಂಗಡಿಯ ಕ್ಯಾಟಲಾಗ್‌ಗೆ ಸರಿಯಾದ ಸಾಧನ.

ಎಸ್ ಮತ್ತು ಎಸ್ ಆರ್ ನಡುವೆ ಯಾವುದು? ಎಲ್ಲರೂ ಆರ್ ಎನ್ನುತ್ತಾರೆ, ಅದರಲ್ಲಿ ಸಣ್ಣ ವಿವರಗಳನ್ನು ಕೊಂಚ ಮಬ್ಬು ಮಾಡುವ ಲೋ ಪಾಸ್ ಫಿಲ್ಟರ್‌ನ ಪರಿಣಾಮ ರದ್ದಾಗಿರುವುದರಿಂದ ಕೂದಲೆಳೆಯಷ್ಟು ಹೆಚ್ಚು ಚೂಪು. ಆದರೆ ಬಟ್ಟೆ ಫೋಟೋ ತೆಗೆಯುವವರು ಸುಮ್ಮನೆ ಎಸ್ ಕೊಳ್ಳಿ. ಇಳಕಲ್ ಸೀರೆಯ ಸಣ್ಣ ಚೌಕಳಿ, ಸೂಟಿನ ಬಟ್ಟೆಯ ನೇಯ್ಗೆ ಆರ್ ಬಾಡಿಯಲ್ಲಿ ಕಾಮನಬಿಲ್ಲಿನ ಅಲೆಯಾಗಿ (ಇದೇ ಮೊಯರೆ) ಬರಬಹುದು. ಡಿ810, ಡಿ850ಗಳಲ್ಲೂ ಲೋ ಪಾಸ್ ಫಿಲ್ಟರ್ ಇಲ್ಲ, ಅವಕ್ಕೂ ಇದೇ ಕಾಟ. ಬಂದರೆ ಅರ್ಧ ಅಡಿ ಹಿಂದೆ ಅಥವಾ ಮುಂದೆ ಸರಿಯಿರಿ, ಇಲ್ಲವೇ ಎಫ್/11ರಿಂದ ಎಫ್/16ಕ್ಕೆ ಹೋಗಿ. ಸಾಫ್ಟ್‌ವೇರಿನ ಮೊಯರೆ ಬ್ರಷ್ ಬಣ್ಣದ ಅಲೆಯನ್ನು ಅಳಿಸುತ್ತದೆ, ಗೆರೆಯ ಅಲೆಯನ್ನು ಅಳಿಸಲಾರದು.

ಲೆನ್ಸ್ ವಿಷಯದಲ್ಲಿ ಈ ಸೆನ್ಸರ್ ನಿರ್ದಯಿ. ಮೊದಲ ತಲೆಮಾರಿನ 24-105 ಎಫ್/4ಎಲ್ ಹಾಕಿದರೆ ನಡುವೆ ಚೆನ್ನ, ಮೂಲೆಗಳಲ್ಲಿ ಕಲಸಿದಂತೆ. 100 ಎಂಎಂ ಎಲ್ ಮ್ಯಾಕ್ರೋ, 16-35 ಎಫ್/4ಎಲ್, 70-200 ಎಫ್/2.8ಎಲ್ ಎರಡನೆಯ ಆವೃತ್ತಿ, ಇಂಥವು ಇದಕ್ಕೆ ಜೋಡಿ.

ಕ್ಯಾನನ್‌ನಲ್ಲೇ ಮದುವೆ ಕೆಲಸ ಮಾಡುವವರು 5ಡಿ ಮಾರ್ಕ್ 4 ನೋಡಬೇಕು. ಪಿಕ್ಸೆಲ್ 30.4 ಮಿಲಿಯನ್ ಮಾತ್ರ, ಆದರೆ ಕತ್ತಲ ಭಾಗ ಎತ್ತಲು 5ಡಿಎಸ್‌ಗಿಂತ ಬಲು ವಾಸಿ, ಲೈವ್ ವ್ಯೂನಲ್ಲಿ ಡ್ಯುಯಲ್ ಪಿಕ್ಸೆಲ್ ಫೋಕಸ್ ಚುರುಕು. 4ಕೆ ವಿಡಿಯೋ ಮಾತ್ರ ವಿಪರೀತ ಕ್ರಾಪ್ ಆಗಿ ಬರುತ್ತದೆ, ಫೈಲ್ ಕೂಡ ಭಾರ. ಸಣ್ಣ ಸೆನ್ಸರ್‌ನ, 32.5 ಮೆಗಾಪಿಕ್ಸೆಲ್‌ನ 90ಡಿಯನ್ನು ರೆಸಲ್ಯೂಷನ್ ಆಸೆಗೆ ಕೊಳ್ಳುವುದು ಸರಿಯಲ್ಲ. ಅದರ ಪಿಕ್ಸೆಲ್ 3.2 ಮೈಕ್ರಾನ್, ಎಫ್/8 ದಾಟುವಾಗಲೇ ಡಿಫ್ರಾಕ್ಷನ್ (ಸಣ್ಣ ರಂಧ್ರದಲ್ಲಿ ಬೆಳಕು ಹರಡಿ ಬರುವ ಮಬ್ಬು) ಕಾಣತೊಡಗುತ್ತದೆ. ಉದ್ದ ಲೆನ್ಸ್ ಕೊಳ್ಳಲಾಗದ ಹಕ್ಕಿ ಪ್ರಿಯರಿಗೆ ಅದು ಸರಿ.

ಪೆಂಟಾಕ್ಸ್ ಕೆ-1

36.4 ಮೆಗಾಪಿಕ್ಸೆಲ್, ಬಾಡಿಯೊಳಗೇ ಐದು ಅಕ್ಷದ ಸ್ಥಿರೀಕರಣ. ಅದೇ ಯಂತ್ರವನ್ನು ಬಳಸಿ ಸೆನ್ಸರನ್ನು ಒಂದೊಂದು ಪಿಕ್ಸೆಲ್ ಸರಿಸಿ ನಾಲ್ಕು ಫೋಟೋ ಜೋಡಿಸುವ ಪಿಕ್ಸೆಲ್ ಶಿಫ್ಟ್, ಜಿಪಿಎಸ್ ನೋಡಿ ನಕ್ಷತ್ರದ ಹಿಂದೆಯೇ ಸೆನ್ಸರ್ ತಿರುಗಿಸುವ ಆಸ್ಟ್ರೋಟ್ರೇಸರ್. ಆಕಾಶಗಂಗೆ ಹಿಡಿಯಲು ಕೊಡಗಿನ ಕತ್ತಲಲ್ಲಿ ಕೂರುವವರ ಪಾಲಿಗೆ ಇದು ಆಟಿಕೆಯಲ್ಲ. ಆದರೆ ಓಡುವ ಹಾರುವ ವಿಷಯಗಳಿಗೆ ಇದರ ಫೋಕಸ್ ಹಿಂದೆ, ಸೆಕೆಂಡಿಗೆ ಸುಮಾರು 4.4 ಫೋಟೋ ಅಷ್ಟೇ. ಮಿರರ್‌ಲೆಸ್‌ಗೆ ಒಯ್ಯುವ ಸ್ವಂತ ದಾರಿ ಪೆಂಟಾಕ್ಸ್‌ನಲ್ಲಿ ಇಲ್ಲ. ನಿಮ್ಮೂರಲ್ಲಿ ಇದನ್ನು ಬಿಚ್ಚಿ ರಿಪೇರಿ ಮಾಡಬಲ್ಲವರು ಯಾರೆಂದು ಮೊದಲು ವಿಚಾರಿಸಿ, ಆಮೇಲೆ ಬೆಲೆ ಕೇಳಿ. ಕೆ ಮೌಂಟ್‌ನ ಹಳೇ ಲೆನ್ಸ್ ಮನೆಯಲ್ಲಿದ್ದರೆ ಮಾತ್ರ ಈ ಕಡೆ ಬನ್ನಿ.

ಅದೇ ಹಣಕ್ಕೆ ಹಳೇ ಮಿರರ್‌ಲೆಸ್?

ಇದು ನಿಜವಾದ ಪೈಪೋಟಿ. 2018ರ ನಿಕಾನ್ ಝಡ್7ನಲ್ಲೂ 45.7 ಮೆಗಾಪಿಕ್ಸೆಲ್, ಐಎಸ್‌ಒ 64. ಬ್ಯಾಟರಿ, ಕಾರ್ಡ್ ಸೇರಿ 675 ಗ್ರಾಂ, ಬಾಡಿಯಲ್ಲೇ ಸ್ಥಿರೀಕರಣ, ಎಕ್ಸ್‌ಪೋಷರ್ ವ್ಯೂಫೈಂಡರ್‌ನಲ್ಲೇ ಕಾಣುತ್ತದೆ. ಫೋಕಸ್ ಸೆನ್ಸರ್ ಮೇಲೆಯೇ ನಡೆಯುವುದರಿಂದ ಮುಂದೆ ಹಿಂದೆ ತಪ್ಪುವ ರಗಳೆ ಇಲ್ಲ. ಬೆಟ್ಟ ಹತ್ತಿ ಲ್ಯಾಂಡ್‌ಸ್ಕೇಪ್ ತೆಗೆಯುವವರಿಗೆ ಡಿ850ಗಿಂತ ಇದು ಒಳ್ಳೆಯದು, ಬೆನ್ನು ನಿಮ್ಮದೇ ತಾನೆ. ಆದರೆ ಕಾರ್ಡ್ ಸ್ಲಾಟ್ ಒಂದೇ, ಬ್ಯಾಟರಿ ಲೆಕ್ಕ 330 ಫೋಟೋ, ಹಾರುವ ಹಕ್ಕಿಗೆ ಫೋಕಸ್ ಡಿ850ರಷ್ಟು ನಂಬಿಕಸ್ತವಲ್ಲ. ಮುಹೂರ್ತದ ಹೊತ್ತಿಗೆ ಕಾರ್ಡ್ ಕೈಕೊಟ್ಟರೆ ಮತ್ತೆ ಧಾರೆ ಎರೆಸಲಾಗದು. ಹಣ ಪಡೆದು ಕೆಲಸ ಮಾಡುವವರು ಎರಡು ಸ್ಲಾಟ್ ಇಲ್ಲದ ಬಾಡಿ ಕೊಳ್ಳಬಾರದು.

ಮನುಷ್ಯರೇ ಮುಖ್ಯ ಎನ್ನುವವರಿಗೆ 42.4 ಮೆಗಾಪಿಕ್ಸೆಲ್‌ನ ಸೋನಿ ಎ7ಆರ್ 3 ಸರಿ: ಕಣ್ಣಿನ ಫೋಕಸ್, ಎರಡು ಎಸ್‌ಡಿ ಸ್ಲಾಟ್. ಆದರೆ ಅಲ್ಲಿ ಲೆನ್ಸ್ ದುಬಾರಿ. ಡಿಎಸ್‌ಎಲ್‌ಆರ್ ಪಕ್ಷದ ಕೊನೆಯ ವಾದ ಇದೇ. ನಿಕಾನ್‌ನ ಎಫ್ ಮೌಂಟ್ ಮತ್ತು ಕ್ಯಾನನ್‌ನ ಇಎಫ್ ಲೆನ್ಸ್‌ಗಳನ್ನು ಜನ ಗುಂಪುಗುಂಪಾಗಿ ಮಾರುತ್ತಿರುವುದರಿಂದ ಮೂರು ಲೆನ್ಸ್‌ನ ಪೂರ್ತಿ ಸೆಟ್‌ನ ಒಟ್ಟು ಬೆಲೆಯಲ್ಲಿ ದೊಡ್ಡ ಅಂತರ ಬೀಳುತ್ತದೆ. ಬರೀ ಬಾಡಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಈ ಅಂತರ ಕಾಣುವುದಿಲ್ಲ. ಕಾಗದದ ಮೇಲೆ ಸೆಟ್‌ಗೆ ಸೆಟ್ ಬರೆದು ಕೂಡಿ.

ಕೈಗೆ ಬಂದಾಗ ಏನೇನು ನೋಡಬೇಕು

ಶಟರ್ ಕೌಂಟ್‌ನಿಂದ (ಈವರೆಗೆ ಎಷ್ಟು ಕ್ಲಿಕ್ ಆಗಿದೆ) ಶುರು. ಡಿ850, ಡಿ810ಗಳ ಶಟರನ್ನು 2,00,000 ಕ್ಲಿಕ್‌ಗೆ, 5ಡಿಎಸ್ ಜೋಡಿಯದನ್ನು 1,50,000ಕ್ಕೆ, ಕೆ-1ರದನ್ನು 3,00,000ಕ್ಕೆ ಪರೀಕ್ಷಿಸಲಾಗಿದೆ. ಇದು ಎಕ್ಸ್‌ಪೈರಿ ಡೇಟ್ ಅಲ್ಲ, ಮೀರಿ ಓಡಿದವೂ ಉಂಟು, ಮೊದಲೇ ಸತ್ತವೂ ಉಂಟು. ಶೇ. 40ರೊಳಗಿದ್ದರೆ ಕೇಳಿದ ಬೆಲೆಗೆ ಹತ್ತಿರ ಕೊಡಬಹುದು. ಶೇ. 75 ದಾಟಿದ್ದರೆ ಶಟರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆ ಖರ್ಚೆಷ್ಟು, ಆ ಮಾಡೆಲ್‌ನ ಶಟರ್ ಯೂನಿಟ್ ಈಗಲೂ ಬರುತ್ತದೆಯೇ ಎಂಬುದನ್ನು ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿ ಮೊದಲೇ ತಿಳಿದುಕೊಳ್ಳಿ. ನಿಕಾನ್ ಮತ್ತು ಪೆಂಟಾಕ್ಸ್‌ನಲ್ಲಿ ಅಲ್ಲೇ ಹೊಡೆದ ಒಂದು ಫೋಟೋವನ್ನು ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಕೌಂಟ್ ಸಿಗುತ್ತದೆ. 5ಡಿಎಸ್ ಫೋಟೋದೊಳಗೆ ಅದನ್ನು ಬರೆಯುವುದಿಲ್ಲ, ಯುಎಸ್‌ಬಿ ಕೇಬಲ್ ಹಾಕಿ ಸಾಫ್ಟ್‌ವೇರ್‌ನಿಂದ ಓದಬೇಕು. ‘ವಾಟ್ಸಾಪ್‌ನಲ್ಲಿ ಕಳಿಸಿದ್ದೀನಲ್ಲ ಸಾರ್’ ಎಂದರೆ ಒಪ್ಪಬೇಡಿ, ಅದರಲ್ಲಿ ಈ ಮಾಹಿತಿ ಅಳಿಸಿಹೋಗಿರುತ್ತದೆ.

ಆಮೇಲೆ ಸೆನ್ಸರ್. ಎಫ್/16, ಐಎಸ್‌ಒ 100, ಫೋಕಸ್ ಬೇಕೆಂದೇ ತಪ್ಪಿಸಿ ಬಿಳಿ ಗೋಡೆಯ ಫೋಟೋ ಹೊಡೆಯಿರಿ. ಮಬ್ಬು ಚುಕ್ಕಿಗಳು ಧೂಳು, ತೊಳೆದರೆ ಹೋಗುತ್ತವೆ. ಗೆರೆಯಂತಿದ್ದರೆ ಗೀರು, ಎದ್ದು ಬನ್ನಿ. ಲೆನ್ಸ್ ಮುಚ್ಚಳ ಹಾಕಿ 30 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ ಬೆಳಕಿಲ್ಲದೆಯೂ ಹೊಳೆಯುವ ಹಾಟ್ ಪಿಕ್ಸೆಲ್ ಎಷ್ಟಿವೆ ಎಂದು ತಿಳಿಯುತ್ತದೆ. ನಂತರ ಅದೇ ಗೋಡೆಯನ್ನು 1/8000 ಸೆಕೆಂಡಿನಲ್ಲಿ ಹತ್ತು ಬಾರಿ ಹೊಡೆಯಿರಿ. ಒಂದು ಪಕ್ಕ ಕಪ್ಪಾಗುತ್ತಿದ್ದರೆ ಶಟರ್ ಪರದೆ ದಣಿದಿದೆ.

ಬ್ಯಾಟರಿಯ ವಯಸ್ಸು ಮೆನುವಿನಲ್ಲೇ ಇದೆ: ನಿಕಾನ್‌ನಲ್ಲಿ 0 ಹೊಸದು, 4 ಮುಗಿದದ್ದು, ಕ್ಯಾನನ್‌ನಲ್ಲಿ ಮೂರು ಹಸಿರು ಚೌಕ ಇದ್ದರೆ ಗಟ್ಟಿ. ಎರಡೂ ಕಾರ್ಡ್ ಸ್ಲಾಟ್‌ಗೆ ನಿಮ್ಮದೇ ಕಾರ್ಡ್ ಹಾಕಿ ಬರೆಸಿ, ಓದಿಸಿ. ನಿಕಾನ್‌ಗಳ ಹೆಬ್ಬೆರಳಿನ ಜಾಗದ ರಬ್ಬರ್ ಉಬ್ಬಿ ಏಳುವುದು ಮಾಮೂಲು, ಚೌಕಾಸಿಗೆ ಒಳ್ಳೆಯ ನೆಪ. ಕರಾವಳಿ, ಮಲೆನಾಡಿನಿಂದ ಬಂದ ಸೆಟ್ ಆದರೆ ಲೆನ್ಸ್ ಬಿಚ್ಚಿ, ಡಯಾಫ್ರಾಂ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂತೆ ಕಂಡರೆ ಫಂಗಸ್. ವ್ಯೂಫೈಂಡರ್ ಒಳಗೂ ಬರುತ್ತದೆ.

ಕೊನೆಗೆ ಫೋಕಸ್, ಡಿಎಸ್‌ಎಲ್‌ಆರ್‌ನ ಮರ್ಮಸ್ಥಾನ. ಇಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಫೋಟೋ ಹಿಡಿಯುವ ಸೆನ್ಸರ್ ಬೇರೆ. ಕನ್ನಡಿಯ ಕೋನ ಕೂದಲೆಳೆಯಷ್ಟು ತಪ್ಪಿದರೂ ಎಲ್ಲ ಫೋಟೋ ಸ್ವಲ್ಪ ಮುಂದೆಯೋ ಹಿಂದೆಯೋ ಚೂಪಾಗುತ್ತದೆ. ಟ್ರೈಪಾಡ್ ಮೇಲಿಟ್ಟು, ಗೋಡೆಗೆ ಅಂಟಿಸಿದ ಪತ್ರಿಕೆಯ ಹಾಳೆಗೆ, ಲೆನ್ಸ್ ಪೂರ್ತಿ ತೆರೆದು, ನಡುವಿನ ಪಾಯಿಂಟ್‌ನಿಂದ ವ್ಯೂಫೈಂಡರ್‌ನಲ್ಲಿ ಐದು, ಲೈವ್ ವ್ಯೂನಲ್ಲಿ ಐದು ಫೋಟೋ ಹೊಡೆದು ಹೋಲಿಸಿ. ಲೈವ್ ವ್ಯೂನವು ಸ್ಪಷ್ಟ, ಉಳಿದವು ಮಬ್ಬು ಎಂದರೆ ಫೈನ್ ಟ್ಯೂನ್ ಬೇಕು. ಇದು ದೋಷವಲ್ಲ, ಹೊಂದಾಣಿಕೆ. ಡಿ850ರಲ್ಲಿ ಲೈವ್ ವ್ಯೂನಲ್ಲಿ ಫೋಕಸ್ ಹಿಡಿದ ಮೇಲೆ ಎಎಫ್ ಮೋಡ್ ಬಟನ್ ಮತ್ತು ಕೆಂಪು ವಿಡಿಯೋ ಬಟನ್ ಎರಡನ್ನೂ ಎರಡು ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿದರೆ ಕ್ಯಾಮೆರಾ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಡಿ810ರಲ್ಲಿ -20ರಿಂದ +20ರವರೆಗೆ ಕೈಯಿಂದ ತಿರುಗಿಸಿ ನೋಡಬೇಕು. 5ಡಿಎಸ್‌ನಲ್ಲಿ ಝೂಮ್‌ನ ಎರಡೂ ತುದಿಗೆ ಬೇರೆಬೇರೆ ಅಂಕಿ ಕೊಡಬಹುದು, ಈ ಒಂದು ವಿಷಯದಲ್ಲಿ ಕ್ಯಾನನ್ ಜಾಣ. ಎಡ ಅಂಚು, ಬಲ ಅಂಚಿನ ಪಾಯಿಂಟ್‌ಗಳಲ್ಲೂ ಇದನ್ನೇ ಮಾಡಿ. ನಡುವೆ ಸರಿ, ಒಂದು ಪಕ್ಕ ಮಾತ್ರ ತಪ್ಪು ಎಂದರೆ ಅದು ಟ್ಯೂನ್‌ಗೆ ಬಗ್ಗದ ಕಾಯಿಲೆ. 2012ರ ಆರಂಭದ ಕೆಲವು ಡಿ800ಗಳ ಎಡಗಡೆಯ ಪಾಯಿಂಟ್‌ಗಳಲ್ಲಿ ಹೀಗೇ ಆಗಿತ್ತು.

ಅಂಗಡಿಯಲ್ಲಿ ‘ಹೊಸ ಪೀಸ್, ಸ್ಟಾಕ್ ಕ್ಲಿಯರೆನ್ಸ್’ ಎಂದು ಕೊಟ್ಟರೆ ಜಿಎಸ್‌ಟಿ ಬಿಲ್, ಬಾಡಿಯ ತಳದ ಸೀರಿಯಲ್ ನಂಬರ್, ಡಬ್ಬದ ನಂಬರ್, ವಾರಂಟಿ ಕಾರ್ಡಿನ ನಂಬರ್ ನಾಲ್ಕೂ ಹೊಂದಬೇಕು. ಬಿಲ್ ಇಲ್ಲದೆ ಹೊರದೇಶದಿಂದ ಬಂದ ಮಾಲಿನ ಬೆಲೆ ಕಡಿಮೆ ಇರುತ್ತದೆ, ಆದರೆ ಅಂಗಡಿಯವರು ಹೇಳುವ ‘ನಮ್ಮ ವಾರಂಟಿ’ ಅಂಗಡಿ ಇರುವವರೆಗೆ ಮಾತ್ರ.

ಇಷ್ಟಾದರೂ ಮನಸ್ಸು ತೂಗುತ್ತಿದ್ದರೆ, ಬೆಂಗಳೂರಿನಂಥ ಊರುಗಳಲ್ಲಿ ದಿನದ ಲೆಕ್ಕಕ್ಕೆ ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ. ಒಂದು ಭಾನುವಾರ ಡಿ850 ತಂದು ನಿಮ್ಮದೇ ಲೆನ್ಸ್ ಹಾಕಿ, ನೀವು ಯಾವಾಗಲೂ ತೆಗೆಯುವ ವಿಷಯವನ್ನೇ ತೆಗೆಯಿರಿ. ಅದೇ ಜಾಗದಿಂದ ನಿಮ್ಮ ಈಗಿನ ಕ್ಯಾಮೆರಾದಲ್ಲೂ ಒಂದು ತೆಗೆಯಿರಿ. ಎರಡನ್ನೂ 16×24 ಇಂಚಿಗೆ ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಮನೆಯವರ ಮುಂದೆ ಇಡಿ. ಯಾವುದು ಯಾವುದೆಂದು ಅವರಿಗೂ ನಿಮಗೂ ಗೊತ್ತಾಗದಿದ್ದರೆ ಆ ಹಣಕ್ಕೆ ಒಂದು 85 ಎಂಎಂ ಎಫ್/1.8 ಮತ್ತು ಗಟ್ಟಿ ಟ್ರೈಪಾಡ್ ತನ್ನಿ.